ಭಂಗಿ ರೇಖಾಚಿತ್ರ

ಭಂಗಿ ರೇಖಾಚಿತ್ರ ಅಥವಾ ಜೆಸ್ಚರ್ ಡ್ರಾಯಿಂಗ್ ಎಂಬುದು ಮನುಷ್ಯನ ಅಥವಾ ಪ್ರಾಣಿಯ ದೇಹದ ನಿಲುವು, ಚಲನೆ ಮತ್ತು ಭಾರದ ಹಂಚಿಕೆಯನ್ನು ನಿಗದಿತ ಅಲ್ಪಾವಧಿಯೊಳಗೆ ಕೆಲವೇ ರೇಖೆಗಳಲ್ಲಿ ಹಿಡಿದಿಡುವ ಚಿತ್ರಣಕ್ರಮ. ಒಂದು ಚಿತ್ರಕ್ಕೆ ಸಾಮಾನ್ಯವಾಗಿ 30 ಸೆಕೆಂಡುಗಳಿಂದ 5 ನಿಮಿಷಗಳವರೆಗೆ ಕಾಲಾವಕಾಶವಿರುತ್ತದೆ. ಮುಖಚಹರೆ, ಉಡುಪಿನ ವಿವರ, ಬೆಳಕು-ನೆರಳಿನ ಸೂಕ್ಷ್ಮತೆಗಳಿಗೆ ಇಲ್ಲಿ ಎರಡನೆಯ ಸ್ಥಾನ. ದೇಹ ಏನು ಮಾಡುತ್ತಿದೆ ಎಂಬುದೇ ಮುಖ್ಯ ವಿಷಯ.

ಮಾನವಾಕೃತಿ ಚಿತ್ರಣವನ್ನು ಕಲಿಸುವ ಕಲಾಶಾಲೆಗಳಲ್ಲಿ ಇದು ದಿನದ ಅಭ್ಯಾಸದ ಮೊದಲ ಹಂತ. ಚಿತ್ರಕಾರರಲ್ಲದೆ ಶಿಲ್ಪಿಗಳು, ಅನಿಮೇಷನ್ ಕಲಾವಿದರು, ವ್ಯಂಗ್ಯಚಿತ್ರಕಾರರು ಮತ್ತು ಉಡುಪು ವಿನ್ಯಾಸಕಾರರು ಸಹ ಇದನ್ನು ರೂಢಿಸಿಕೊಳ್ಳುತ್ತಾರೆ. ವೇಗವಾಗಿ ಬಿಡಿಸುವುದೇ ಇದರ ಗುರಿಯೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಬಿಡಿ ಅಂಗಗಳ ಮೇಲೆ ನಿಲ್ಲುವ ಕಣ್ಣನ್ನು ಇಡೀ ದೇಹದ ಕಡೆಗೆ ತಿರುಗಿಸುವ ಸಾಧನವೇ ಇಲ್ಲಿನ ಕಾಲಮಿತಿ.

ಹೆಸರು ಮತ್ತು ಪರಿಕಲ್ಪನೆ

ಜೆಸ್ಚರ್ ಎಂಬ ಇಂಗ್ಲಿಷ್ ಪದಕ್ಕೆ ದಿನಬಳಕೆಯಲ್ಲಿ ಕೈಸನ್ನೆ, ಅಂಗಚೇಷ್ಟೆ ಎಂಬ ಅರ್ಥಗಳಿವೆ. ಚಿತ್ರಕಲೆಯಲ್ಲಿ ಅದರ ವ್ಯಾಪ್ತಿ ಹಿರಿದು. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯುವ ಹೆಂಗಸಿನ ದೇಹ ಕೊಡದ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಇನ್ನೊಂದು ತೋಳು ಸಮತೋಲಕ್ಕಾಗಿ ಹೊರಕ್ಕೆ ಚಾಚುತ್ತದೆ. ಸೊಂಟ, ಭುಜ, ಕತ್ತು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಈ ಇಡೀ ಹೊಂದಾಣಿಕೆಯೇ ಆ ದೇಹದ ಜೆಸ್ಚರ್. ಕೊಡವನ್ನು ಬರೆಯದೆ ಬಿಟ್ಟರೂ ಅದರ ಭಾರ ಚಿತ್ರದಲ್ಲಿ ಕಾಣಬೇಕು.

ಅಲ್ಪಾವಧಿಯ ಆಕೃತಿಚಿತ್ರಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಕ್ರೋಕಿ’ ಎಂಬ ಹೆಸರಿದೆ. ಭಾರತೀಯ ಪರಂಪರೆಯಲ್ಲಿ ದೇಹದ ಬಾಗುವಿಕೆಯನ್ನು ಸಮಭಂಗ, ಆಭಂಗ, ತ್ರಿಭಂಗ, ಅತಿಭಂಗ ಎಂದು ವಿಂಗಡಿಸಲಾಗಿದೆ. ಅವನೀಂದ್ರನಾಥ ಠಾಕೂರರು ಭಾರತೀಯ ಕಲೆಯ ಅಂಗರಚನೆಯನ್ನು ಕುರಿತು 1914ರಲ್ಲಿ ಪ್ರಕಟಿಸಿದ ಕಿರುಗ್ರಂಥದಲ್ಲಿ ಈ ಭಂಗಗಳನ್ನು ವಿವರಿಸಿದ್ದಾರೆ. ಕತ್ತು, ಸೊಂಟ ಮತ್ತು ಮಂಡಿಗಳಲ್ಲಿ ಬಾಗಿದ ತ್ರಿಭಂಗಕ್ಕೆ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕಾ ವಿಗ್ರಹಗಳು ಪ್ರಸಿದ್ಧ ನಿದರ್ಶನ. ಆದರೆ ಇವೆರಡೂ ಒಂದೇ ಅಲ್ಲ. ಶಿಲ್ಪಶಾಸ್ತ್ರದ ಭಂಗ ಮೊದಲೇ ಗೊತ್ತುಪಡಿಸಿದ ಅಳತೆ. ಭಂಗಿ ರೇಖಾಚಿತ್ರ ಕಣ್ಣೆದುರಿನ ದೇಹವನ್ನು ಆ ಕ್ಷಣದಲ್ಲಿ ಗಮನಿಸಿ ಬರೆಯುವುದು.

ಇತಿಹಾಸ

ಯುರೋಪ್ ಮತ್ತು ಜಪಾನ್

ಜನರ ಚಲನೆಯನ್ನು ಶೀಘ್ರವಾಗಿ ಗುರುತಿಸಿಕೊಳ್ಳುವ ಅಭ್ಯಾಸ ಹಳೆಯದು. ಲಿಯೊನಾರ್ಡೊ ಡ ವಿಂಚಿ (1452–1519) ಚಿತ್ರಕಾರರು ಸದಾ ಒಂದು ಪುಟ್ಟ ಪುಸ್ತಕವನ್ನು ಬಳಿಯಲ್ಲಿಟ್ಟುಕೊಂಡು, ಮಾತಾಡುವ, ಜಗಳವಾಡುವ, ನಗುವ ಜನರ ನಿಲುವುಗಳನ್ನು ಚುಟುಕಾಗಿ ಬರೆದುಕೊಳ್ಳಬೇಕೆಂದು ತನ್ನ ಟಿಪ್ಪಣಿಗಳಲ್ಲಿ ಸಲಹೆ ನೀಡಿದ್ದಾನೆ. ಜಪಾನಿನ ಹೊಕುಸಾಯ್ ರಚಿಸಿದ ‘ಹೊಕುಸಾಯ್ ಮಾಂಗಾ’ದ ಮೊದಲ ಸಂಪುಟ 1814ರಲ್ಲಿ ಹೊರಬಂದಿತು. ಒಟ್ಟು 15 ಸಂಪುಟಗಳ ಈ ಮಾಲೆಯಲ್ಲಿ ದುಡಿಯುವ, ಕುಣಿಯುವ, ಮಲಗಿರುವ ಜನರ ಅಸಂಖ್ಯ ಭಂಗಿಗಳಿವೆ.

ಫ್ರೆಂಚ್ ಚಿತ್ರಕಾರ ಡೆಲಾಕ್ರ್ವಾನ ಕುರಿತು ಕವಿ ಬೋದಿಲೇರ್ 1863ರ ತನ್ನ ಲೇಖನದಲ್ಲಿ ಒಂದು ಪ್ರಸಂಗವನ್ನು ದಾಖಲಿಸಿದ್ದಾನೆ. ಕಿಟಕಿಯಿಂದ ಹಾರಿದವನು ನಾಲ್ಕನೆಯ ಮಹಡಿಯಿಂದ ನೆಲಕ್ಕೆ ಬೀಳುವಷ್ಟರಲ್ಲಿ ಅವನ ರೇಖಾಚಿತ್ರ ಬರೆಯಲಾರದವನಿಗೆ ದೊಡ್ಡ ಕೃತಿಗಳನ್ನು ರಚಿಸುವುದು ಸಾಧ್ಯವಾಗದು ಎಂಬುದು ಡೆಲಾಕ್ರ್ವಾ ಯುವ ಕಲಾವಿದನೊಬ್ಬನಿಗೆ ಹೇಳಿದ ಮಾತಿನ ಸಾರ. ಶಿಲ್ಪಿ ಆಗಸ್ಟ್ ರೋಡಿನ್ (1840–1917) ಮಾದರಿ ವ್ಯಕ್ತಿಗಳನ್ನು ಒಂದೇ ಕಡೆ ನಿಲ್ಲಿಸದೆ ಸ್ವತಂತ್ರವಾಗಿ ಓಡಾಡಲು ಬಿಟ್ಟು, ಕಾಗದದ ಕಡೆ ನೋಡದೆ ಅವರನ್ನು ಬರೆಯುತ್ತಿದ್ದ. 1906ರಲ್ಲಿ ಕಾಂಬೋಡಿಯದ ಅರಮನೆಯ ನರ್ತಕಿಯರು ಫ್ರಾನ್ಸಿಗೆ ಬಂದಾಗ ಪ್ಯಾರಿಸ್‌ನಲ್ಲಿ ಅವರ ನೃತ್ಯವನ್ನು ಕಂಡು, ಮಾರ್ಸೇಲ್ಸ್ ನಗರದವರೆಗೆ ಅವರನ್ನು ಹಿಂಬಾಲಿಸಿ ಸುಮಾರು 150 ಚಿತ್ರಗಳನ್ನು ರಚಿಸಿದ. 1904ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ಗ್ರಾಂದ್ ಶೋಮಿಯೇರ್ ಅಕಾಡೆಮಿಯು ಅಲ್ಪಾವಧಿ ಭಂಗಿಗಳ ಮುಕ್ತ ತರಗತಿಗಳಿಂದ ಹೆಸರಾಯಿತು.

ನಿಕೊಲೈಡಿಸ್ ಮತ್ತು ಬೋಧನಾಕ್ರಮ

ರೂಢಿಯಲ್ಲಿದ್ದ ಈ ಅಭ್ಯಾಸಕ್ಕೆ ಪಾಠಕ್ರಮದ ಸ್ವರೂಪ ಕೊಟ್ಟವರಲ್ಲಿ ಅಮೆರಿಕದ ಕಲಾಶಿಕ್ಷಕ ಕಿಮೊನ್ ನಿಕೊಲೈಡಿಸ್ (1891–1938) ಪ್ರಮುಖರು. ಅವರು ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಬೋಧಿಸುತ್ತಿದ್ದರು. ಅವರ ‘ದಿ ನ್ಯಾಚುರಲ್ ವೇ ಟು ಡ್ರಾ’ ಗ್ರಂಥ ಮರಣಾನಂತರ 1941ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡು ಅಭ್ಯಾಸಗಳು ಆರಂಭದಿಂದಲೇ ಜೊತೆಯಾಗಿ ಬರುತ್ತವೆ. ಮೊದಲನೆಯದು ಹೊರರೇಖೆಯ ಅಭ್ಯಾಸ: ಅಂಚನ್ನು ಬೆರಳಿನಿಂದ ಮುಟ್ಟುತ್ತಿರುವಂತೆ ಭಾವಿಸಿ ಅತ್ಯಂತ ನಿಧಾನವಾಗಿ ಬರೆಯುವುದು. ಎರಡನೆಯದು ಭಂಗಿಯ ಅಭ್ಯಾಸ: ಒಂದು ನಿಮಿಷ ಅಥವಾ ಅದಕ್ಕೂ ಕಡಿಮೆ ಅವಧಿಯಲ್ಲಿ, ವಸ್ತು ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಅದು ಏನು ಮಾಡುತ್ತಿದೆ ಎಂಬುದನ್ನು ಬರೆಯುವುದು. ನಿಧಾನ ಮತ್ತು ಶೀಘ್ರ ಎಂಬ ಈ ಜೋಡಣೆ ಗಮನಾರ್ಹ. ಕೇವಲ ವೇಗದ ಅಭ್ಯಾಸವನ್ನು ಅವರು ಬೋಧಿಸಲಿಲ್ಲ.

ಅನಿಮೇಷನ್ ಕ್ಷೇತ್ರ

ವಾಲ್ಟ್ ಡಿಸ್ನಿ ಸಂಸ್ಥೆಯು 1932ರಲ್ಲಿ ತನ್ನ ಚಿತ್ರಕಾರರಿಗಾಗಿ ಶೂಯಿನಾರ್ಡ್ ಕಲಾಶಾಲೆಯ ಶಿಕ್ಷಕ ಡಾನ್ ಗ್ರಹಾಂ ಅವರಿಂದ ಸಂಜೆಯ ರೇಖಾಚಿತ್ರ ತರಗತಿಗಳನ್ನು ನಡೆಸತೊಡಗಿತು. ಪಾತ್ರದ ತಲೆಯಿಂದ ಪಾದದವರೆಗೆ ಹರಿಯುವ ಒಂದು ಕಲ್ಪಿತ ವಕ್ರರೇಖೆಯ ಮೇಲೆ ಭಂಗಿಯನ್ನು ಕಟ್ಟುವ ‘ಕ್ರಿಯಾರೇಖೆ’ಯ ವಿಧಾನ ಅನಿಮೇಷನ್ ಶಿಕ್ಷಣದಲ್ಲಿ ಬೇರೂರಿತು. ಅದೇ ಸಂಸ್ಥೆಯ ವಾಲ್ಟ್ ಸ್ಟಾಂಚ್‌ಫೀಲ್ಡ್ (1919–2000) ಮುಂದಿನ ಪೀಳಿಗೆಯ ಕಲಾವಿದರಿಗೆ ಭಂಗಿ ರೇಖಾಚಿತ್ರವನ್ನು ಕಲಿಸಿದರು. ಅವರು ತರಗತಿಗಳಿಗಾಗಿ ಬರೆದ ಟಿಪ್ಪಣಿಗಳು 2009ರಲ್ಲಿ ‘ಡ್ರಾನ್ ಟು ಲೈಫ್’ ಎಂಬ ಹೆಸರಿನ ಎರಡು ಸಂಪುಟಗಳಾಗಿ ಪ್ರಕಟವಾದವು.

ಭಾರತ

ಶಾಂತಿನಿಕೇತನದ ಕಲಾಭವನದ ಮುಖ್ಯಸ್ಥರಾಗಿದ್ದ ನಂದಲಾಲ ಬೋಸರು (1882–1966) ನಿತ್ಯಜೀವನವನ್ನು ಕಂಡಲ್ಲೇ ಬರೆಯುವುದಕ್ಕೆ ಮಹತ್ವ ಕೊಟ್ಟರು. ಅಂಚೆ ಕಾರ್ಡುಗಳ ಮೇಲೂ ಕೆಲವೇ ಗೆರೆಗಳ ಚಿತ್ರಗಳನ್ನು ಬರೆದು ಕಳುಹಿಸುತ್ತಿದ್ದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಅವರು ರಚಿಸಿದ ಭಿತ್ತಿಚಿತ್ರಗಳಲ್ಲಿ ಗ್ರಾಮೀಣ ದುಡಿಮೆಯ ಭಂಗಿಗಳು ಇಂಥದೇ ಚುರುಕಾದ ರೇಖೆಯಲ್ಲಿವೆ.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರ್ (1911–1996) ಅವರ ನೃತ್ಯಚಿತ್ರಗಳು ಈ ಸಂದರ್ಭದಲ್ಲಿ ಮುಖ್ಯವಾದವು. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಬೋಧಿಸಿ, ಪ್ಯಾರಿಸ್‌ನ ಜೂಲಿಯನ್ ಅಕಾಡೆಮಿಯಲ್ಲೂ ಅಭ್ಯಾಸ ಮಾಡಿದ ಹೆಬ್ಬಾರರು, ಲಯವನ್ನು ಒಳಗಿನಿಂದ ಅರಿಯುವುದಕ್ಕಾಗಿ ಕಥಕ್ ನೃತ್ಯವನ್ನು ಸ್ವತಃ ಕಲಿತರು. ಕೈಯೆತ್ತದೆ ಎಳೆದಂತೆ ಹರಿಯುವ ಅವರ ಗೆರೆಗಳು ‘ಹಾಡುವ ರೇಖೆ’ ಎಂದೇ ಹೆಸರಾದವು. ನರ್ತಿಸುವ ದೇಹದ ಅನುಭವ ಬರೆಯುವ ಕೈಗೆ ನೆರವಾಗುತ್ತದೆ ಎಂಬುದಕ್ಕೆ ಅವರ ಅಭ್ಯಾಸ ಸಾಕ್ಷಿಯಾಗಿದೆ.

ಕಾಲಮಿತಿಯ ಉದ್ದೇಶ

ಹೊಸ ಕಲಿಕೆಯವರು ಆಕೃತಿಯನ್ನು ಬರೆಯುವಾಗ ಸಾಮಾನ್ಯವಾಗಿ ತಲೆಯಿಂದ ಆರಂಭಿಸಿ, ಕಣ್ಣು ಮೂಗುಗಳನ್ನು ಮುಗಿಸಿ, ಕತ್ತು, ಭುಜ, ತೋಳು ಎಂದು ಕೆಳಗಿಳಿಯುತ್ತಾರೆ. ಪ್ರತಿಯೊಂದು ಅಂಗವೂ ಬೇರೆಬೇರೆಯಾಗಿ ಸರಿಯಿದ್ದರೂ ಒಟ್ಟು ದೇಹ ಗೊಂಬೆಯಂತೆ ಸೆಟೆದುಕೊಳ್ಳುತ್ತದೆ. ಪಾದಗಳಿಗೆ ಬರುವಷ್ಟರಲ್ಲಿ ಕಾಗದವೇ ಮುಗಿದಿರುವುದೂ ಉಂಟು. ಅಂಗಗಳ ನಡುವಣ ಸಂಬಂಧವನ್ನು ನೋಡದಿರುವುದು ಇದಕ್ಕೆ ಕಾರಣ.

ಒಂದೇ ನಿಮಿಷ ಇದೆಯೆಂದಾಗ ಈ ಕ್ರಮ ಸಾಗುವುದಿಲ್ಲ. ಕಣ್ಣಿನ ರೆಪ್ಪೆಗೆ ಸಮಯವಿರುವುದಿಲ್ಲ. ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂಬ ತೀರ್ಮಾನವನ್ನು ಮೊದಲ ಗೆರೆಗೆ ಮುನ್ನವೇ ಮಾಡಬೇಕಾಗುತ್ತದೆ. ಈ ತೀರ್ಮಾನವನ್ನು ಮತ್ತೆ ಮತ್ತೆ ಮಾಡುವುದೇ ಅಭ್ಯಾಸದ ತಿರುಳು. ಎರಡನೆಯದಾಗಿ, ಅಳಿಸಿ ತಿದ್ದಲು ಅವಕಾಶವಿಲ್ಲದ್ದರಿಂದ ತಪ್ಪಿನ ಭಯ ಕಡಿಮೆಯಾಗುತ್ತದೆ. ಒಂದು ಚಿತ್ರ ಕೆಟ್ಟರೆ ಮುಂದಿನ ನಿಮಿಷದಲ್ಲಿ ಇನ್ನೊಂದು ಕಾದಿರುತ್ತದೆ. ಮೂರನೆಯದಾಗಿ, ಓಟ, ಎಸೆತ, ನೆಗೆತಗಳಂಥ ಭಂಗಿಗಳನ್ನು ಮಾದರಿ ವ್ಯಕ್ತಿ ಹೆಚ್ಚು ಹೊತ್ತು ಹಿಡಿದಿರಲಾರ. ಚುರುಕಾದ ಭಂಗಿಗಳು ಅಲ್ಪಾವಧಿಯಲ್ಲಿ ಮಾತ್ರ ದೊರೆಯುತ್ತವೆ.

ಸಲಕರಣೆಗಳು

ದುಬಾರಿ ಸಾಮಗ್ರಿ ಬೇಕಿಲ್ಲ. ಅಚ್ಚಿಗೆ ಬಳಸುವ ನ್ಯೂಸ್‌ಪ್ರಿಂಟ್ ಕಾಗದ, ಒಂದು ಬದಿ ಖಾಲಿಯಿರುವ ಹಳೆಯ ಹಾಳೆ ಅಥವಾ ಅಗ್ಗದ ಸ್ಕೆಚ್ ಪುಸ್ತಕ ಸಾಕು. ಬೆಲೆಬಾಳುವ ಕಾಗದ ಕೈಯನ್ನು ಹಿಂಜರಿಯುವಂತೆ ಮಾಡುತ್ತದೆ. ಇದ್ದಿಲ ಕಡ್ಡಿ, 4ಬಿ ಅಥವಾ 6ಬಿ ಪೆನ್ಸಿಲ್, ಬಾಲ್‌ಪೆನ್, ಮಸಿ ಅದ್ದಿದ ಕುಂಚ ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದು. ರಬ್ಬರನ್ನು ದೂರವಿಡುವುದು ವಾಡಿಕೆ. ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ಮಣಿಕಟ್ಟಿನಿಂದಲ್ಲದೆ ಭುಜದಿಂದ ತೋಳನ್ನು ಆಡಿಸಿ ಬರೆದರೆ ಗೆರೆ ಉದ್ದವಾಗಿ ಹರಿಯುತ್ತದೆ.

ಬರೆಯುವ ಕ್ರಮ

ಶಿಕ್ಷಕರಿಂದ ಶಿಕ್ಷಕರಿಗೆ ವ್ಯತ್ಯಾಸಗಳಿದ್ದರೂ ಸಾಮಾನ್ಯ ಕ್ರಮ ಹೀಗಿದೆ:

1. ಮೊದಲ ಕೆಲವು ಸೆಕೆಂಡು ಬರೆಯದೆ ಕೇವಲ ನೋಡುವುದು. ಸಾಧ್ಯವಿದ್ದರೆ ಆ ಭಂಗಿಯನ್ನು ತಮ್ಮ ದೇಹದಲ್ಲಿ ತಂದುಕೊಂಡು ಎಲ್ಲಿ ಒತ್ತಡ ಬೀಳುತ್ತದೆ ಎಂಬುದನ್ನು ಅರಿಯುವುದು.
2. ತಲೆಯಿಂದ ಬೆನ್ನೆಲುಬಿನ ಮೂಲಕ ಭಾರ ಹೊತ್ತ ಕಾಲಿನವರೆಗೆ ಸಾಗುವ ಕ್ರಿಯಾರೇಖೆಯನ್ನು ಒಂದೇ ಎಳೆತದಲ್ಲಿ ಎಳೆಯುವುದು.
3. ಭುಜಗಳ ಓರೆ ಮತ್ತು ಸೊಂಟದ ಓರೆಯನ್ನು ಎರಡು ಗೆರೆಗಳಲ್ಲಿ ಗುರುತಿಸುವುದು.
4. ತಲೆ, ಎದೆಗೂಡು, ಸೊಂಟದ ಮೂಳೆಕಟ್ಟು ಈ ಮೂರು ಘನರೂಪಗಳು ಯಾವ ದಿಕ್ಕಿಗೆ ತಿರುಗಿವೆ ಎಂಬುದನ್ನು ಸೂಚಿಸುವುದು.
5. ಕೈಕಾಲುಗಳನ್ನು ಬಿಡಿ ಕೊಳವೆಗಳಂತೆ ಬರೆಯದೆ, ದೇಹದಿಂದ ಹೊರಹರಿಯುವ ರೇಖೆಗಳಾಗಿ ಎಳೆಯುವುದು.
6. ಪಾದ ನೆಲವನ್ನು ಮುಟ್ಟುವ ಸ್ಥಳವನ್ನು ಗುರುತಿಸುವುದು. ಸಮಯ ಉಳಿದರೆ ಮಾತ್ರ ವಿವರಗಳಿಗೆ ಹೋಗುವುದು.

ಮೂರನೆಯ ಹಂತಕ್ಕೆ ಅಂಗರಚನೆಯ ಒಂದು ಸಾಮಾನ್ಯ ತತ್ತ್ವ ಆಧಾರವಾಗಿದೆ. ಒಂದೇ ಕಾಲಿನ ಮೇಲೆ ಭಾರ ಹಾಕಿ ಆರಾಮವಾಗಿ ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ. ಸಮತೋಲಕ್ಕಾಗಿ ಅದೇ ಬದಿಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಹೀಗೆ ನಿಂತವನ ಕತ್ತಿನ ಗುಳಿಯಿಂದ ನೇರವಾಗಿ ಕೆಳಕ್ಕೆ ಇಳಿಸಿದ ಗೆರೆ ಭಾರ ಹೊತ್ತ ಪಾದದ ಬಳಿ ಬೀಳುತ್ತದೆ. ಪೆನ್ಸಿಲನ್ನು ತೂಗುಗುಂಡಿನಂತೆ ನೆಟ್ಟಗೆ ಹಿಡಿದು ಇದನ್ನು ಪರೀಕ್ಷಿಸಬಹುದು. ಚಿತ್ರದಲ್ಲಿ ಈ ಹೊಂದಿಕೆ ತಪ್ಪಿದರೆ ವ್ಯಕ್ತಿ ಬೀಳುತ್ತಿರುವಂತೆ ಕಾಣುತ್ತಾನೆ.

ಎರಡು ಮುಖ್ಯ ಶೈಲಿಗಳನ್ನು ಗುರುತಿಸಬಹುದು. ನಿಕೊಲೈಡಿಸ್ ಪದ್ಧತಿಯಲ್ಲಿ ಕಡ್ಡಿಯನ್ನು ಕಾಗದದಿಂದ ಎತ್ತದೆ, ದೇಹದ ಒಳಗಿನಿಂದಲೇ ಸುರುಳಿ ಸುರುಳಿಯಾಗಿ ಬರೆಯುತ್ತ ಹೋಗಲಾಗುತ್ತದೆ, ಅಂಚು ಸ್ಪಷ್ಟವಾಗಿರಬೇಕಿಲ್ಲ. ಅನಿಮೇಷನ್ ಪದ್ಧತಿಯಲ್ಲಿ ಗೆರೆಗಳು ಕಡಿಮೆ, ಸ್ಪಷ್ಟ; ದೇಹದ ಒಂದು ಬದಿಯ ಬಾಗಿದ ಗೆರೆಗೆ ಎದುರಾಗಿ ಇನ್ನೊಂದು ಬದಿಯಲ್ಲಿ ನೇರ ಗೆರೆಯನ್ನಿಟ್ಟು ಬಲವನ್ನು ತೋರಿಸಲಾಗುತ್ತದೆ.

ಅವಧಿಗಳು ಮತ್ತು ದಿನದ ಅಭ್ಯಾಸ

ಪ್ರತಿಯೊಂದು ಅವಧಿಗೂ ತನ್ನದೇ ಪ್ರಯೋಜನವಿದೆ.

- 30 ಸೆಕೆಂಡು: ಕ್ರಿಯಾರೇಖೆ, ತಲೆಯ ದಿಕ್ಕು, ಭಾರದ ಕಾಲು.
- 1 ನಿಮಿಷ: ಇವುಗಳ ಜೊತೆಗೆ ಭುಜ-ಸೊಂಟಗಳ ಓರೆ, ಕೈಕಾಲುಗಳ ಹರಿವು.
- 2 ನಿಮಿಷ: ಎದೆಗೂಡು ಮತ್ತು ಸೊಂಟದ ಘನರೂಪ, ಪ್ರಮಾಣದ ಸ್ಥೂಲ ಪರೀಕ್ಷೆ.
- 5 ನಿಮಿಷ: ಕೈ, ಪಾದ, ಬಟ್ಟೆಯ ಮುಖ್ಯ ಮಡಿಕೆಗಳು, ನೆರಳಿನ ದೊಡ್ಡ ಭಾಗಗಳು.
- 10ರಿಂದ 20 ನಿಮಿಷ: ಭಂಗಿಚಿತ್ರಕ್ಕೂ ಪೂರ್ಣ ಅಧ್ಯಯನಕ್ಕೂ ನಡುವಣ ಸೇತುವೆ.

ಅರ್ಧ ಗಂಟೆಯ ಅಭ್ಯಾಸವನ್ನು ಹೀಗೆ ಹಂಚಬಹುದು: 30 ಸೆಕೆಂಡಿನ 10 ಚಿತ್ರಗಳು, 1 ನಿಮಿಷದ 10, 2 ನಿಮಿಷದ 5, ಕೊನೆಗೆ 5 ನಿಮಿಷದ 1. ಒಟ್ಟು 26 ಚಿತ್ರಗಳಾಗುತ್ತವೆ. ವಾರಕ್ಕೊಮ್ಮೆ ಮೂರು ಗಂಟೆ ಕುಳಿತುಕೊಳ್ಳುವುದಕ್ಕಿಂತ ವಾರದಲ್ಲಿ ಆರು ದಿನ ಅರ್ಧ ಗಂಟೆಯನ್ನು ಮೀಸಲಿಡುವುದು ಕೈಯ ರೂಢಿಗೆ ಅನುಕೂಲ.

ಅಭ್ಯಾಸ ಅಲ್ಲಿಗೆ ಮುಗಿಯಬಾರದು. ಆ ದಿನದ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿ, ಸೋತ ಎರಡು ಮೂರು ಚಿತ್ರಗಳನ್ನು ಆರಿಸಿ, ಎಲ್ಲಿ ತಪ್ಪಿತೆಂದು ಬೇರೆ ಬಣ್ಣದ ಪೆನ್ಸಿಲಿನಲ್ಲಿ ಗುರುತಿಸುವುದು ಉಪಯುಕ್ತ. ಮರುದಿನ ಒಂದೆರಡು ಭಂಗಿಗಳನ್ನು ನೆನಪಿನಿಂದ ಬರೆಯುವುದು ಇನ್ನೊಂದು ವಿಧಾನ. ರೋಡಿನ್‌ನ ಗುರು ಲೆಕೋಕ್ ದ ಬ್ವಾಬೋದ್ರಾನ್ ಹತ್ತೊಂಬತ್ತನೆಯ ಶತಮಾನದಲ್ಲೇ ಸ್ಮರಣೆಯಿಂದ ಬರೆಯುವುದನ್ನು ಪಾಠಕ್ರಮವಾಗಿ ಕಲಿಸಿದ್ದ.

ಮಾದರಿಗಳು

ಜೀವಂತ ಮಾದರಿ ಅತ್ಯುತ್ತಮ. ಭಾರ, ಆಯಾಸ, ಉಸಿರಾಟ ಇವೆಲ್ಲ ಎದುರಿಗಿದ್ದಾಗಲೇ ಅನುಭವಕ್ಕೆ ಬರುತ್ತವೆ. ಕಲಾಶಾಲೆಗಳಲ್ಲಿ ಸುಮಾರು 20 ನಿಮಿಷಗಳ ಕೆಲಸದ ನಂತರ ಮಾದರಿ ವ್ಯಕ್ತಿಗೆ 5 ನಿಮಿಷ ವಿಶ್ರಾಂತಿ ಕೊಡುವುದು ರೂಢಿ. ಭಂಗಿಯನ್ನು ಹಿಡಿದು ನಿಲ್ಲುವುದು ಶ್ರಮದ ಕೆಲಸ; ಒಂದೇ ಕೈಯನ್ನು ಎತ್ತಿ ಹಿಡಿಯುವ ಭಂಗಿಗಳನ್ನು ಅಲ್ಪಾವಧಿಗೆ ಸೀಮಿತಗೊಳಿಸಬೇಕು. ತರಗತಿಗೆ ಹೋಗಲಾಗದವರಿಗೆ ಮನೆಯವರೇ ಮಾದರಿಯಾಗಬಹುದು.

ಬಸ್ ನಿಲ್ದಾಣ, ರೈಲು ನಿಲ್ದಾಣ, ಸಂತೆ, ಆಟದ ಮೈದಾನ, ಗರಡಿಮನೆಗಳು ಭಾರತದ ಕಲಾವಿದ್ಯಾರ್ಥಿಗಳ ಪರಿಚಿತ ಅಭ್ಯಾಸಸ್ಥಳಗಳು. ಇಲ್ಲಿ ಗಡಿಯಾರ ಬೇಕಿಲ್ಲ. ಜನ ಕದಲುವುದೇ ಕಾಲಮಿತಿ. ಮೂಟೆ ಹೊರುವವರು, ತಕ್ಕಡಿ ಹಿಡಿದವರು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ ಅರ್ಧಕ್ಕೆ ನಿಂತ ಚಿತ್ರವನ್ನು ಮುಂದಿನ ಸುತ್ತಿನಲ್ಲಿ ಮುಂದುವರಿಸಬಹುದು. ಯಾರಾದರೂ ಆಕ್ಷೇಪಿಸಿದರೆ ನಿಲ್ಲಿಸುವುದು ಸೌಜನ್ಯ.

ಛಾಯಾಚಿತ್ರ ಸುಲಭವಾಗಿ ಸಿಗುವ ಮಾದರಿ; ಗಡಿಯಾರದೊಂದಿಗೆ ಛಾಯಾಚಿತ್ರಗಳನ್ನು ಒಂದಾದ ಮೇಲೊಂದು ತೋರಿಸುವ ತಂತ್ರಾಂಶಗಳೂ ಇವೆ. ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಪ್ರಕಟಿಸಿದ ‘ಅನಿಮಲ್ ಲೊಕೊಮೋಶನ್’ ಸಂಗ್ರಹದ 781 ಫಲಕಗಳಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಚಲನೆ ಹಂತಹಂತವಾಗಿ ದಾಖಲಾಗಿದ್ದು, ಅವು ಇಂದಿಗೂ ಅಭ್ಯಾಸಕ್ಕೆ ಒದಗುತ್ತವೆ. ಆದರೆ ಛಾಯಾಚಿತ್ರ ಆಳವನ್ನು ಚಪ್ಪಟೆಗೊಳಿಸುತ್ತದೆ. ಹತ್ತಿರದಿಂದ ತೆಗೆದಾಗ ಪ್ರಮಾಣವನ್ನೂ ತಪ್ಪಾಗಿ ತೋರಿಸುತ್ತದೆ. ಆದ್ದರಿಂದ ಅದೊಂದನ್ನೇ ಅವಲಂಬಿಸುವುದು ಸೂಕ್ತವಲ್ಲ.

ಸಾಮಾನ್ಯ ದೋಷಗಳು

- ಹೊರರೇಖೆಯಿಂದ ಆರಂಭ: ದೇಹದ ಅಂಚನ್ನು ಸುತ್ತಿ ಬರುವಷ್ಟರಲ್ಲಿ ಸಮಯ ಮುಗಿದು ಚಿತ್ರ ಸೆಟೆದುಕೊಳ್ಳುತ್ತದೆ. ಬೆನ್ನೆಲುಬಿನ ಗೆರೆಯಿಂದ ಆರಂಭಿಸುವುದು ಪರಿಹಾರ.
- ಕೂದಲಿನಂಥ ಗೆರೆ: ಚಿಕ್ಕ ಚಿಕ್ಕ ಗೆರೆಗಳನ್ನು ಜೋಡಿಸುತ್ತ ಹೋಗುವುದು ಅನುಮಾನದ ಲಕ್ಷಣ. ಒಂದು ಕೈಗೆ ಎರಡೇ ಗೆರೆ ಎಂಬ ನಿಯಮ ಹಾಕಿಕೊಳ್ಳಬಹುದು.
- ಕಾಗದವನ್ನೇ ನೋಡುವುದು: ಕಣ್ಣು ಮಾದರಿಯ ಮೇಲೆ ಹೆಚ್ಚು, ಕಾಗದದ ಮೇಲೆ ಕಡಿಮೆ ಇರಬೇಕು.
- ತೇಲುವ ಪಾದ: ನೆಲದ ಸೂಚನೆಯಿಲ್ಲದಿರುವುದು. ಪಾದದಡಿ ಒಂದು ಗೆರೆ ಎಳೆದರೂ ಸಾಕು.
- ಒಣ ಚಂದ: ಎಲ್ಲ ಭಂಗಿಗಳಿಗೂ ಒಂದೇ ಬಗೆಯ ಬಾಗಿದ ಗೆರೆ ಹಾಕುವುದು. ಇದು ನೋಡಲು ಸೊಗಸಾಗಿದ್ದರೂ ಗಮನಿಸುವಿಕೆ ನಿಂತುಹೋಗಿದೆ ಎಂಬುದರ ಗುರುತು. ನೇರವಾಗಿ ದಣಿದು ನಿಂತ ಮುದುಕನ ದೇಹಕ್ಕೆ ನರ್ತಕಿಯ ವಕ್ರರೇಖೆ ಹೊಂದುವುದಿಲ್ಲ.

ಮಿತಿಗಳು ಮತ್ತು ಚರ್ಚೆ

ಭಂಗಿ ರೇಖಾಚಿತ್ರವೊಂದರಿಂದಲೇ ಆಕೃತಿ ಚಿತ್ರಣ ಸಿದ್ಧಿಸುವುದೇ ಎಂಬುದು ಕಲಾಶಿಕ್ಷಣದಲ್ಲಿ ಚರ್ಚೆಯ ವಿಷಯ. ಅಂಗರಚನೆಗೆ ಒತ್ತುಕೊಡುವ ಪರಂಪರೆ ದೇಹವನ್ನು ಘನರೂಪಗಳಿಂದ ಕಟ್ಟುವುದನ್ನು ಮೊದಲಿಡುತ್ತದೆ. ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲೇ ಬೋಧಿಸುತ್ತಿದ್ದ ಜಾರ್ಜ್ ಬ್ರಿಜ್‌ಮನ್ ಅವರ 1920ರ ‘ಕನ್‌ಸ್ಟ್ರಕ್ಟಿವ್ ಅನಾಟಮಿ’ ಇದಕ್ಕೆ ಉದಾಹರಣೆ. ಈ ದೃಷ್ಟಿಯಲ್ಲಿ, ಮೂಳೆ ಮತ್ತು ಸ್ನಾಯುಗಳ ತಿಳಿವಳಿಕೆಯಿಲ್ಲದ ಶೀಘ್ರಚಿತ್ರ ಅದೇ ತಪ್ಪನ್ನು ಬೇಗ ಬೇಗ ಮಾಡುವ ರೂಢಿಯಾಗಿಬಿಡಬಹುದು. ಭಂಗಿಯನ್ನು ಮೊದಲಿಡುವವರ ಉತ್ತರವೆಂದರೆ, ಅಂಗರಚನೆಯನ್ನು ಅರಿತೂ ಚಲನೆಯನ್ನು ಕಾಣದವನ ಚಿತ್ರ ನಿರ್ಜೀವವಾಗಿರುತ್ತದೆ.

ಮನೋವಿಜ್ಞಾನಿ ಆಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ, ನೈಪುಣ್ಯಕ್ಕೆ ಕೇವಲ ಪುನರಾವರ್ತನೆ ಸಾಲದು, ನಿರ್ದಿಷ್ಟ ಗುರಿ ಮತ್ತು ತಪ್ಪಿನ ಅರಿವಿನೊಂದಿಗೆ ಮಾಡುವ ಅಭ್ಯಾಸ ಬೇಕು ಎಂದು ವಾದಿಸಿತು. ಆ ಅಧ್ಯಯನ ಪಿಟೀಲು ಮತ್ತು ಪಿಯಾನೊ ವಾದಕರನ್ನು ಕುರಿತದ್ದು, ಚಿತ್ರಕಾರರನ್ನು ಕುರಿತದ್ದಲ್ಲ. ಆದರೂ ಚಿತ್ರಕಲಾ ಶಿಕ್ಷಕರ ಅನುಭವವೂ ಇದೇ ದಿಕ್ಕಿನಲ್ಲಿದೆ: ದಿನಕ್ಕೆ ನೂರು ಚಿತ್ರ ಬರೆದು ಒಂದನ್ನೂ ಮತ್ತೆ ನೋಡದವನಿಗಿಂತ ಇಪ್ಪತ್ತು ಬರೆದು ಎರಡನ್ನು ತಿದ್ದಿದವನು ಮುಂದೆ ಹೋಗುತ್ತಾನೆ. ಆದ್ದರಿಂದ ಬಹುತೇಕ ಪಾಠಕ್ರಮಗಳಲ್ಲಿ ಭಂಗಿಚಿತ್ರದ ಜೊತೆಗೆ ದೀರ್ಘಾವಧಿಯ ಅಧ್ಯಯನ ಮತ್ತು ಅಂಗರಚನೆಯ ಪಾಠಗಳೂ ಇರುತ್ತವೆ.

ಪ್ರಗತಿಯ ಲಕ್ಷಣಗಳು

ಆರಂಭದ ವಾರಗಳಲ್ಲಿ ಹೆಚ್ಚಿನ ಚಿತ್ರಗಳು ಅಪೂರ್ಣವಾಗಿ ಉಳಿಯುವುದು ಸಹಜ. ಅವುಗಳ ಚಂದವನ್ನು ಅಳೆಯುವುದು ಉಪಯುಕ್ತವಲ್ಲ. ಪ್ರತಿ ಹಾಳೆಯ ಮೇಲೂ ದಿನಾಂಕ ಮತ್ತು ಅವಧಿಯನ್ನು ಬರೆದಿಟ್ಟರೆ ತಿಂಗಳ ಅಂತರದಲ್ಲಿ ಹೋಲಿಸಿ ನೋಡಬಹುದು. ಇಡೀ ದೇಹ ಕಾಗದದೊಳಗೆ ಅಡಕವಾಗುವುದು, ಭಾರ ಹೊತ್ತ ಕಾಲು ಯಾವುದೆಂದು ಬೇರೆಯವರಿಗೂ ತಿಳಿಯುವುದು, ಗೆರೆಗಳ ಸಂಖ್ಯೆ ಕಡಿಮೆಯಾಗುವುದು ಮತ್ತು ಬಿಡುವಾಗಿ ಬರೆದ ದೀರ್ಘಾವಧಿಯ ಚಿತ್ರಗಳಲ್ಲೂ ಸೆಟೆತ ಕಡಿಮೆಯಾಗುವುದು ಪ್ರಗತಿಯ ಲಕ್ಷಣಗಳು. ಇವುಗಳಲ್ಲಿ ಕೊನೆಯದೇ ಮುಖ್ಯ. ಗಡಿಯಾರವಿಲ್ಲದಿರುವಾಗಲೂ ಮೊದಲು ಇಡೀ ದೇಹವನ್ನು ನೋಡುವ ಅಭ್ಯಾಸ ಕಣ್ಣಿಗೆ ಬಂದಿದ್ದರೆ ಕಾಲಮಿತಿಯ ಉದ್ದೇಶ ನೆರವೇರಿದಂತೆ.